ಟಿವಿಯಲ್ಲಿ ಕಾಡು ಸೊಪ್ಪು ಕಿತ್ತು ಅಡುಗೆ ಮಾಡುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಕಾಡಿನಲ್ಲಿ ಸೊಪ್ಪು, ಗೆಡ್ಡೆ, ಅಣಬೆ ಹುಡುಕಿ ಅಲ್ಲೇ ಬೇಯಿಸಿ ತಿನ್ನುವ ಕಾರ್ಯಕ್ರಮಗಳನ್ನು ನೋಡುತ್ತೇವೆ. ನಮ್ಮ ಯಜಮಾನರು ಇದೆಲ್ಲ ಬರೀ ನಾಟಕ, ಕ್ಯಾಮೆರಾ ಆಫ್ ಆದಮೇಲೆ ಹೋಟೆಲ್ ಊಟ ಅಂತಾರೆ. ಪಿಯುಸಿ ಓದುವ ಮಗ ಚಾಮುಂಡಿ ಬೆಟ್ಟಕ್ಕೆ ಹೋಗಿ ತಾನೂ ಟ್ರೈ ಮಾಡುತ್ತೇನೆ ಅಂತಾನೆ. ಯಾರ ಮಾತು ಸರಿ?

ಉತ್ತರ: ಮಳೆ ಹಿಡಿದರೆ ಸಾಕು, ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಚಿಕ್ಕದಾಗಿ ಹೇಳುವುದಾದರೆ, ಟಿವಿಯವರು ಗಿಡದ ಬಗ್ಗೆ ಹೇಳುವುದನ್ನು ಬಹುಪಾಲು ನಂಬಬಹುದು. ಅಡುಗೆಗೆ ಹಿಡಿಯುವ ಹೊತ್ತಿನ ಬಗ್ಗೆ ತೋರಿಸುವುದನ್ನು ಮಾತ್ರ ನಂಬಬೇಡಿ. ನಿಮ್ಮ ಯಜಮಾನರು ಅರ್ಧ ಸರಿ. ಮಗ ಸದ್ಯಕ್ಕೆ ಬೆಟ್ಟ ಹತ್ತೋದು ಬೇಡ.

ಯಜಮಾನರ ಅನುಮಾನಕ್ಕೆ ಆಧಾರ ಇದೆ. 2007ರಲ್ಲಿ, ಕಾಡಿನಲ್ಲಿ ಒಬ್ಬರೇ ಬದುಕುಳಿಯುವುದು ಹೇಗೆ ಅಂತ ತೋರಿಸುವ ಬೇರ್ ಗ್ರಿಲ್ಸ್ ಅವರ ‘ಮ್ಯಾನ್ ವರ್ಸಸ್ ವೈಲ್ಡ್’ ಕಾರ್ಯಕ್ರಮದ ಬಗ್ಗೆ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ ಆಯಿತು. ಕಾಡಿನಲ್ಲೇ ಕಳೆದ ಹಾಗೆ ತೋರಿಸಿದ್ದ ಕೆಲವು ರಾತ್ರಿ ಅವರು ಲಾಡ್ಜಿನಲ್ಲಿ ಮಲಗಿದ್ದರು ಅನ್ನುವುದು ಹೊರಗೆ ಬಂತು. ಆಮೇಲೆ ಕಾರ್ಯಕ್ರಮಕ್ಕೆ ಒಂದು ಸೂಚನೆ ಸೇರಿಕೊಂಡಿತು. ಅಪಾಯ ಇದ್ದಾಗ ತಂಡದವರು ನೆರವು ಕೊಡುತ್ತಾರೆ, ಕೆಲವು ಸನ್ನಿವೇಶಗಳನ್ನು ಉಪಾಯ ತೋರಿಸುವುದಕ್ಕಾಗಿಯೇ ಏರ್ಪಾಡು ಮಾಡಿರುತ್ತಾರೆ ಅಂತ. ನನಗೇನೋ ಅದು ದೊಡ್ಡ ಮೋಸ ಅನಿಸಲಿಲ್ಲ. ಸಿನಿಮಾದ ಹೀರೋ ನಿಜವಾಗಿಯೂ ಹತ್ತು ಜನಕ್ಕೆ ಹೊಡೆದ ಅಂತ ಯಾರೂ ನಂಬಲ್ಲ, ಅಲ್ವಾ?

ಅದೇ ವರ್ಷ ಬಿಬಿಸಿಯಲ್ಲಿ ರೇ ಮಿಯರ್ಸ್ ಅವರ ‘ವೈಲ್ಡ್ ಫುಡ್’ ಬಂತು. ಅದರ ದಾರಿಯೇ ಬೇರೆ. ಬೇಸಾಯ ಬರುವ ಮೊದಲು ಬ್ರಿಟನ್ನಿನ ಜನ ಏನು ತಿನ್ನುತ್ತಿದ್ದರು ಅಂತ ಹುಡುಕುವ ಸರಣಿ ಅದು. ಜೊತೆಗೆ ಗಾರ್ಡನ್ ಹಿಲ್ಮನ್ ಅನ್ನುವ ಪ್ರೊಫೆಸರ್ ಇದ್ದರು. ಹಳೇ ಕಾಲದ ನೆಲೆಗಳಲ್ಲಿ ಸಿಗುವ ಸುಟ್ಟ ಬೀಜ, ಗೆಡ್ಡೆಯ ಚೂರು ನೋಡಿ ಆಗಿನವರ ಊಟ ಏನು ಅಂತ ಹೇಳುವ ವಿದ್ವಾಂಸರು ಅವರು. ಇಬ್ಬರೂ ಕೂತು ಬೀಜ ಕುಟ್ಟುತ್ತಾರೆ, ಗೆಡ್ಡೆ ಸುಡುತ್ತಾರೆ, ಕೆಲವು ಸಲ ತಿಂದು ಮುಖ ಹಿಂಡುತ್ತಾರೆ. ಇಂಥದ್ದನ್ನು ನೋಡುವವರಲ್ಲಿ ಎರಡು ಪಂಗಡ. ‘ಎಷ್ಟು ಎಳೀತಾರಪ್ಪಾ’ ಅಂತ ಚಾನೆಲ್ ತಿರುಗಿಸುವವರು ಒಂದು ಕಡೆ. ‘ಅಡುಗೆ ಅಂದರೆ ಇದು’ ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಪಂಗಡ.

ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಗೆ ಒಂದು ಸಲ ಇಂಥದ್ದೇ ಒಂದು ತುಣುಕನ್ನು ಮೊಬೈಲಿನಲ್ಲಿ ತೋರಿಸಿದೆ. ಪೂರ್ತಿ ನೋಡಿ, “ಅಲ್ಲ ಕಣಪ್ಪಾ, ಬೆಳಗ್ಗಿಂದ ಅಲೆದು ಇಷ್ಟೇನಾ ತಿಂದಿದ್ದು? ನಮ್ ಹೊಲಕ್ ಬಂದಿದ್ರೆ ಕಳೆ ಕೀಳೋ ಹೊತ್ಗೆ ಮಡ್ಲು ತುಂಬ್ತಿತ್ತು” ಅಂದರು.

ಅತ್ತೆ ಹೇಳಿದ್ದರಲ್ಲಿ ಲೆಕ್ಕವೂ ಇದೆ. ಬಹುಪಾಲು ಸೊಪ್ಪುಗಳಲ್ಲಿ 100 ಗ್ರಾಂಗೆ ಸುಮಾರು 25ರಿಂದ 50 ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಬೇಕು ಅಂದರೆ ಬರೀ ಸೊಪ್ಪನ್ನು ನಾಲ್ಕರಿಂದ ಎಂಟು ಕೆಜಿ ತಿನ್ನಬೇಕು. ಅದು ದನಕ್ಕೆ ಆಗುತ್ತೆ, ನಮಗಲ್ಲ. ಕಾಡನ್ನೇ ನಂಬಿ ಬದುಕಿದವರು ಗೆಡ್ಡೆ, ಜೇನು, ಮೀನು, ಕಾಯಿ, ಬೀಜ ಎಲ್ಲವನ್ನೂ ತಿಂದು ಬದುಕಿದರು. ಸೊಪ್ಪು ಅವರಿಗೂ ನಂಜಿಕೊಳ್ಳೋಕೆ. ನಮ್ಮ ಮೈಸೂರಿನ ಸಿದ್ಧಾರ್ಥನಗರದಲ್ಲಿ 1961ರಿಂದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇದೆ. ಸೈನಿಕರಿಗೆ ಪೊಟ್ಟಣದಲ್ಲಿ ಕೊಡುವ ಊಟದ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ. ಕಾಡು ಮೇಡು ಅಲೆಯುವ ಸೈನಿಕರನ್ನೂ ‘ಸಿಕ್ಕಿದ್ದು ತಿನ್ನಿ’ ಅಂತ ಬರಿಗೈಯಲ್ಲಿ ಕಳಿಸಲ್ಲ ಅನ್ನುವುದನ್ನು ನಿಮ್ಮ ಮಗನಿಗೆ ಹೇಳಿ.

ಇನ್ನು ಹೊತ್ತಿನ ವಿಷಯ. ನನಗೆ ಕೋಪ ಬರುವುದು ಇಲ್ಲೇ. ಹೋಟೆಲಿನಲ್ಲಿ ಮಲಗಿದ್ದನ್ನು ಮುಚ್ಚಿಟ್ಟರೆ ಯಾರಿಗೂ ಹೊಟ್ಟೆನೋವು ಬರಲ್ಲ. ಆದರೆ ನೆನೆಸಿದ್ದು, ಬಸಿದಿದ್ದು, ಎರಡು ಸಲ ಕುದಿಸಿದ್ದು, ಇವನ್ನು ಎಡಿಟಿಂಗಿನಲ್ಲಿ ಕತ್ತರಿಸಿದರೆ ಬರುತ್ತೆ. ಒಂದು ಕಡೆ ಗಿಡ ಕಿತ್ತರು, ಮುಂದಿನ ದೃಶ್ಯದಲ್ಲಿ ತಟ್ಟೆಯಲ್ಲಿ ಹೊಗೆಯಾಡುತ್ತಿದೆ. ನಡುವೆ ಏನಾಯಿತು?

ಇದರಲ್ಲಿ ನಾನೇ ಏಟು ತಿಂದವನು. ಒಂದು ಮಳೆಗಾಲ ಟಿವಿಯಲ್ಲಿ ಯಾರೋ ಕೆಸವಿನ ಎಲೆಗೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿಟ್ಟು ತೆಗೆದರು. ಎಲ್ಲ ಸೇರಿ ಮೂರು ನಿಮಿಷದ ಕೆಲಸದಂತೆ ಕಂಡಿತು. ನಮ್ಮ ಬಡಾವಣೆಯ ಹಿಂದೆ ಮೋರಿ ಪಕ್ಕ ಕೆಸವು ಹುಲುಸಾಗಿ ಬೆಳೆದಿತ್ತು. ಹೀಗೆ ಮಾಡುವ ಪತ್ರೊಡೆ ಕರಾವಳಿ, ಮಲೆನಾಡಿನವರ ಅಡುಗೆ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಲ್ಕು ಎಲೆ ಕೊಯ್ದು ತಂದು, ಹುಣಸೆಹಣ್ಣು ಹಾಕದೆ, ಅರೆಬರೆ ಬೇಯಿಸಿ ತಿಂದೆ. ಎರಡನೇ ತುತ್ತಿಗೇ ಗಂಟಲಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ತುಟಿ ದಪ್ಪ, ನಾಲಿಗೆ ಕೆರೆತ. ಮಜ್ಜಿಗೆ ಕುಡಿದು ಕುಡಿದು ರಾತ್ರಿಯೆಲ್ಲ ಕೂತಿದ್ದೆ. ನಿಜಕ್ಕೂ ಅವು ಸೂಜಿಗಳೇ. ಕೆಸವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ವಸ್ತು ಕಣ್ಣಿಗೆ ಕಾಣದ ಸೂಜಿಯ ಆಕಾರದಲ್ಲಿ ಇರುತ್ತದೆ. ಬಲ್ಲವರು ಹುಳಿ ಹಾಕಿ, ಚೆನ್ನಾಗಿ ಹೊತ್ತು ಕೊಟ್ಟು ಬೇಯಿಸುವುದು ಅದಕ್ಕೇ. ಹುಣಸೆಹುಳಿ ಬರೀ ರುಚಿಗೆ ಅಂದುಕೊಂಡಿದ್ದ ನನಗೆ ಅವತ್ತು ಬುದ್ಧಿ ಬಂತು. ಮೋರಿ ಪಕ್ಕದ ಸೊಪ್ಪು ತಿಂದದ್ದು ಇನ್ನೊಂದು ದಡ್ಡತನ. ಅದನ್ನು ಮುಂದೆ ಹೇಳುತ್ತೇನೆ.

ಕಳಲೆಯದೂ ಇದೇ ಕಥೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ಹಾಗಾಗಿ ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುತ್ತಾರೆ. ಆ ನೀರನ್ನು ಚೆಲ್ಲಬೇಕು. ಮೂರು ದಿನ ಬಟ್ಟಲಲ್ಲಿ ನೆನೆಯುವ ಕಳಲೆಯನ್ನು ಯಾವ ಟಿವಿಯವರು ತೋರಿಸುತ್ತಾರೆ ಹೇಳಿ?

ಇಲ್ಲೊಂದು ತಮಾಷೆ ಇದೆ. ಕಳಲೆ ನೀರು ಚೆಲ್ಲುವ ನಾವೇ ಬಸ್ಸಾರಿನಲ್ಲಿ ಬಸಿದ ನೀರನ್ನು ಬಂಗಾರದ ಹಾಗೆ ಎತ್ತಿಡುತ್ತೇವೆ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಸಾರಿಗೆ, ಸೊಪ್ಪು ಪಲ್ಯಕ್ಕೆ. ಯಾವ ನೀರು ಚೆಲ್ಲಬೇಕು, ಯಾವ ನೀರು ಇಟ್ಟುಕೊಳ್ಳಬೇಕು ಅನ್ನುವುದು ಗಿಡದ ಹೆಸರಿನಷ್ಟೇ ದೊಡ್ಡ ವಿದ್ಯೆ. ಎಲ್ಲ ಸೊಪ್ಪನ್ನೂ ಬಿಸಿನೀರಿಗೆ ಅದ್ದಿ ತೆಗೆದು, ನೀರನ್ನು ಸುರಿದುಬಿಡುವ ಬಾಣಸಿಗರನ್ನು ನೋಡಿದಾಗ ನಮ್ಮತ್ತೆ ‘ಅಯ್ಯೋ’ ಅಂತಾರೆ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಮಾತ್ರ ಬಾಣಸಿಗರ ಕಡೆ ಇರಿ. ಕೀರೆ, ಗೋಣಿ ಸೊಪ್ಪಿನಂಥವುಗಳಲ್ಲಿ ಕಲ್ಲಿಗೆ ದಾರಿ ಮಾಡುವ ಆಕ್ಸಲೇಟ್ ಜಾಸ್ತಿ. ಅದರಲ್ಲಿ ಒಂದಷ್ಟು ಆ ನೀರಿಗೇ ಇಳಿಯುತ್ತದೆ.

ಹಾಗಾದರೆ ನಮ್ಮಲ್ಲಿ ಈ ವಿದ್ಯೆ ಯಾರ ಹತ್ತಿರ ಇದೆ? ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರ ಹತ್ತಿರ. ನಾವು ಬೆರಕೆ ಸೊಪ್ಪು ಅಂತ ತರುವುದು ಬಹಳ ಮಟ್ಟಿಗೆ ಅದೇ ಕಳೆ. ಅಣ್ಣೆ ಸೊಪ್ಪು, ಗಣಿಕೆ, ಹೊನಗೊನೆ, ಕನ್ನೆ ಸೊಪ್ಪು, ಕೀರೆ, ಜೊತೆಗೆ ಒಂದಿಷ್ಟು ನುಗ್ಗೆ ಚಿಗುರು, ಕುಂಬಳದ ಕುಡಿ. ಇದನ್ನು ಕಾಡಿನ ಊಟ ಅಂತ ನಾವು ಕರೆಯುವುದೇ ಇಲ್ಲ, ಸಾರು ಅಂತೀವಿ.

ಅತ್ತೆ ಸೊಪ್ಪು ಸೋಸುವುದನ್ನು ನೋಡಬೇಕು. ಮೊರದ ತುಂಬ ಹರಡಿಕೊಂಡು ಜಗಲಿ ಮೇಲೆ ಕೂರುತ್ತಾರೆ. ಒಂದೊಂದೇ ಕುಡಿ ಎತ್ತಿ, ಎಲೆ ತಿರುವಿ ಬೆನ್ನು ನೋಡುತ್ತಾರೆ. ತೊಟ್ಟು ಪಟ್ಟನೆ ಮುರಿದರೆ ಎಳೆಯದು, ನಾರು ಎಳೆದುಕೊಂಡು ಬಂದರೆ ದನಕ್ಕೆ. ಅಣ್ಣೆ ಸೊಪ್ಪಿನಲ್ಲಿ ತಿಳಿಗುಲಾಬಿ ತೆನೆ ಕಂಡರೆ ಆಚೆ. ಬಲಿತಿದೆ ಅಂತ ಅರ್ಥ. ಅನುಮಾನ ಬಂದ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸುತ್ತಾರೆ. ಒಂದು ಸಲ ಗಣಿಕೆ ರಾಶಿಯಿಂದ ಒಂದು ಕುಡಿ ತೆಗೆದು ಮೂಸಿ ಅಂಗಳಕ್ಕೆ ಎಸೆದರು. ಯಾಕೆ ಅಂದೆ. “ಉಮ್ಮತ್ತಿ ಕಣೋ” ಅಂದರು. ಉಮ್ಮತ್ತಿ ಅಂದರೆ ದತ್ತೂರಿ. ಗಣಿಕೆ, ದತ್ತೂರಿ, ಬದನೆ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬದ ಗಿಡಗಳು. ಗಣಿಕೆಯೂ ದತ್ತೂರಿಯೂ ತಿಪ್ಪೆ ಪಕ್ಕ ಒಟ್ಟೊಟ್ಟಿಗೆ ಹುಟ್ಟುತ್ತವೆ. ಹೂ ಬಿಟ್ಟಮೇಲೆ ಮಗುವೂ ಗುರುತಿಸುತ್ತೆ. ಗಣಿಕೆಗೆ ಮೆಣಸಿನ ಹೂವಿನಂಥ ಪುಟ್ಟ ಬಿಳಿ ಹೂ, ದತ್ತೂರಿಗೆ ಕಹಳೆಯಂಥ ಉದ್ದ ಹೂ. ಎಳೆಯದರಲ್ಲಿ ಮೋಸ ಹೋಗಬಹುದು. ದತ್ತೂರಿ ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮನುಷ್ಯ ಏನೇನೋ ಬಡಬಡಿಸುತ್ತಾನೆ. ಗಣಿಕೆಯಲ್ಲೂ ಕಪ್ಪಗೆ ಹಣ್ಣಾದ ಕಾಯಿ ಮಾತ್ರ ತಿನ್ನಬೇಕು, ಹಸಿರು ಕಾಯಿ ಬೇಡ. ಮೂಸಿ ನೋಡಿ ಎಸೆಯುವ ಆ ಒಂದು ಗಳಿಗೆ ಬರೋದಕ್ಕೆ ಅತ್ತೆಗೆ ಎಷ್ಟು ಮಳೆಗಾಲ ಬೇಕಾಯಿತೋ ಏನೋ. ಟಿವಿಯಲ್ಲಿ ಸಿಗದೇ ಇರುವುದು ಇದೇ.

ಅಣಬೆ ವಿಷಯದಲ್ಲಿ ನಾನು ಖಡಾಖಂಡಿತ. ಗುಡುಗು ಬಂದ ಮರುದಿನ ಹುತ್ತದ ಮೇಲೆ ಏಳುವ ಅಣಬೆಯ ರುಚಿಗೆ ಸಮ ಇಲ್ಲ, ಒಪ್ಪಿದೆ. ಅದನ್ನು ಹುಟ್ಟಿದಾಗಿನಿಂದ ಕಿತ್ತು ತಿಂದವರು ತಂದುಕೊಟ್ಟರೆ ತಿನ್ನಿ. ಟಿವಿ, ಮೊಬೈಲ್ ಆ್ಯಪ್ ನೋಡಿ ಕೀಳಬೇಡಿ. ವಿಷದ ಅಣಬೆಗೆ ಬೆಳ್ಳಿ ಕಾಸು ಹಾಕಿದರೆ ಕಾಸು ಕಪ್ಪಾಗುತ್ತೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಬೇಯಿಸಿದರೆ ವಿಷ ಹೋಗುತ್ತೆ, ಇವೆಲ್ಲ ಸುಳ್ಳು. ಅಮಾಟಾಕ್ಸಿನ್ ಅನ್ನುವ ಅಣಬೆ ವಿಷ ಬೇಯಿಸಿದರೂ ಹೋಗಲ್ಲ. ತಿಂದ 6ರಿಂದ 24 ಗಂಟೆವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದು ನಿಂತು, ಹುಷಾರಾದೆವು ಅನ್ನುವಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ತುಟಿಗೆ ತಾಗಿಸಿ ನೋಡು, ನಾಲಿಗೆ ಮೇಲೆ ಇಟ್ಟು ನೋಡು ಅನ್ನುವ ‘ಬದುಕುಳಿಯುವ’ ಪರೀಕ್ಷೆಗಳು ಅಣಬೆಗೆ ಅನ್ವಯವೇ ಆಗಲ್ಲ.

ಇನ್ನು ಚಾಮುಂಡಿ ಬೆಟ್ಟ. ಅದು ಮೀಸಲು ಅರಣ್ಯ. ಅಲ್ಲಿಂದ ಏನನ್ನೂ ಕಿತ್ತು ತರುವ ಹಾಗಿಲ್ಲ. ನಾಗರಹೊಳೆ, ಬಂಡೀಪುರ ಅಂದರೆ ಇನ್ನೂ ಬಿಗಿ, ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುತ್ತದೆ. ‘ರಜನಿಕಾಂತ್ ಬಂಡೀಪುರಕ್ಕೆ ಬಂದು ಬೇರ್ ಗ್ರಿಲ್ಸ್ ಜೊತೆ ಓಡಾಡಲಿಲ್ಲವಾ’ ಅಂತ ಮಗ ಕೇಳಬಹುದು. 2020ರ ಜನವರಿಯಲ್ಲಿ ಬಂದಿದ್ದರು, ನಿಜ. ಅದು ಅನುಮತಿ ಪಡೆದು ಮಾಡಿದ ಶೂಟಿಂಗ್. ಅದೇ ಕಾಡಿನಂಚಿನಲ್ಲಿ ತಲೆತಲಾಂತರದಿಂದ ಗೆಡ್ಡೆ, ಜೇನು ತೆಗೆದು ಬದುಕಿದ ಜೇನು ಕುರುಬರು, ಬೆಟ್ಟ ಕುರುಬರು ಇದ್ದಾರೆ. ಮರಮುಟ್ಟು ಅಲ್ಲದ, ಸಣ್ಣ ಪುಟ್ಟ ಅರಣ್ಯ ಉತ್ಪನ್ನ ಸಂಗ್ರಹಿಸುವ, ಮಾರುವ ಅವರ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿಕೊಂಡಿದೆ. ಟಿವಿಯಲ್ಲಿ ಮುಖ ಮಾತ್ರ ಹೊರಗಿನವರದ್ದು. ಕಾಡಿನ ಊಟದ ಕಾರ್ಯಕ್ರಮ ಮಾಡುವವರು ಇವರನ್ನು ಪಕ್ಕದಲ್ಲಿ ನಿಲ್ಲಿಸದೆ, ಇವರ ಕೈಗೇ ಮೈಕು ಕೊಟ್ಟರೆ ನಾನು ಒಂದು ಕಂತನ್ನೂ ಬಿಡದೆ ನೋಡುತ್ತೇನೆ.

ಕಾಡು ಬೇಡ, ಹೊಲದ ಬದಿಯಲ್ಲಿ ಕೀಳಲಾ ಅಂದರೆ, ಕೀಳಬಹುದು. ಆದರೆ ಹೊಲದವರನ್ನು ಕೇಳಿ. ಮರ್ಯಾದೆಗೆ ಮಾತ್ರ ಅಲ್ಲ, ಔಷಧಿಗಾಗಿ. ಮಂಡ್ಯ ಕಡೆ ಕಬ್ಬು, ಭತ್ತದ ಗದ್ದೆಗೆ ಈಗ ಕಳೆನಾಶಕ ಹೊಡೆಯುವುದು ಜಾಸ್ತಿ. ನಿನ್ನೆ ಹೊಡೆದಿದ್ದರೆ ಇವತ್ತು ಸೊಪ್ಪು ಹಸಿರಾಗಿಯೇ ಕಾಣುತ್ತದೆ. ನಗರದೊಳಗಿನ ಮೋರಿ, ಕೊಳಚೆ ಸೇರುವ ಕೆರೆ ಅಂಚು, ಬಸ್ಸು ಓಡಾಡುವ ರಸ್ತೆ ಬದಿ ಬೇಡವೇ ಬೇಡ. ಹೊನಗೊನೆ ಅಂಥ ಜಾಗದಲ್ಲೇ ಸೊಂಪಾಗಿ ಬೆಳೆಯುತ್ತದೆ. ನೆಲ, ನೀರಿನಲ್ಲಿರುವ ಕೊಳಕು ಲೋಹಗಳನ್ನು ಎಲೆ ಹೀರಿಕೊಳ್ಳುತ್ತದೆ, ತೊಳೆದರೆ ಅದು ಹೋಗುವುದಿಲ್ಲ. ನನ್ನ ಮೋರಿ ಕೆಸವಿನ ಎರಡನೇ ದಡ್ಡತನ ಇದು.

ಮಗನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಈ ಭಾನುವಾರ ಬೆಳಗ್ಗೆ ಅವನನ್ನು ದೇವರಾಜ ಮಾರ್ಕೆಟ್ಟಿಗೆ ಕಳಿಸಿ. ಹಳ್ಳಿಯಿಂದ ಸೊಪ್ಪು ತಂದು ಕೂತ ಅಮ್ಮಂದಿರ ಹತ್ತಿರ ಬೆರಕೆ ಸೊಪ್ಪು ಕೊಳ್ಳಲಿ, ಪ್ರತಿಯೊಂದರ ಹೆಸರೂ ಕೇಳಿಕೊಂಡು ಬರಲಿ. ಬೈದರೂ ಹೇಳಿಕೊಡುತ್ತಾರೆ. ಮನೆಗೆ ಬಂದು ಪೇಪರ್ ಹಾಸಿ, ಒಂದೊಂದನ್ನೂ ಬೇರೆ ಬೇರೆ ಗುಡ್ಡೆ ಮಾಡಲಿ. ಅವನಿಗೆ ಹೆಸರು ಗೊತ್ತಾಗದ ಎಲೆ ಇದ್ದರೆ ಅದು ಸಾರಿಗೆ ಬೀಳುವ ಹಾಗಿಲ್ಲ ಅಂತ ಮೊದಲೇ ಹೇಳಿಬಿಡಿ. ಯಜಮಾನರಿಗೆ ಬೆಳ್ಳುಳ್ಳಿ ಸುಲಿಯೋಕೆ ಕೊಡಿ. ಅಷ್ಟರಲ್ಲಿ ನೀವು ಮುದ್ದೆಗೆ ಎಸರಿಡಿ.