‘ನಮಗೆ ತೃಪ್ತಿ ಆಗಿದೆ’ ಅಂತ ಜರ್ಮನ್ ಕಂಪನಿ ಬರ್ಕೊಟ್ರೆ ಖುಷಿ ಪಡ್ಬೋದಾ?

ಪ್ರಶ್ನೆ: ಜರ್ಮನಿಲಿ ಕೆಲಸ ಬದಲಾಯಿಸ್ತಿದೀನಿ. ಹಳೇ ಕಂಪನಿಯವ್ರು ಕೊಟ್ಟ ಸರ್ಟಿಫಿಕೇಟಲ್ಲಿ ‘ವಹಿಸಿದ ಕೆಲಸಾನ ನಮಗೆ ತೃಪ್ತಿ ಆಗೋ ಹಾಗೆ ಮಾಡಿದ್ದಾರೆ’ ಅಂತಿದೆ. ಒಳ್ಳೇದೇ ಬರ್ದಿದಾರೆ ಅಲ್ವಾ?

ಉತ್ತರ: ಇಲ್ಲ, ದಯವಿಟ್ಟು ಅದನ್ನ ಹಾಗೇ ಫೈಲಲ್ಲಿ ಇಟ್ಕೊಂಡು ಸುಮ್ನಾಗ್ಬೇಡಿ. ಅಲ್ಲಿನ ಲೆಕ್ಕದಲ್ಲಿ ಅದು 4ನೇ ಗ್ರೇಡು, ಹೇಗೋ ಪಾಸಾದ ಹಾಗೆ (ಅಲ್ಲಿ 1 ಅಂದ್ರೆ ಎಲ್ಲಕ್ಕಿಂತ ಮೇಲೆ).

ನಮ್ ಬೆಂಗಳೂರಿನ ರಿಲೀವಿಂಗ್ ಲೆಟರಲ್ಲಿ ಸೇರಿದ ದಿನ, ಬಿಟ್ಟ ದಿನ, ಡೆಸಿಗ್ನೇಶನ್ನು, ಕೊನೇಲಿ ಒಂದು ಆಲ್ ದ ಬೆಸ್ಟು, ಅಲ್ಲಿಗೆ ಮುಗೀತು. ಜರ್ಮನಿಯ ಆರ್ಬೈಟ್ಸ್‌ಟ್ಸೊಯ್ಗ್ನಿಸ್ (ನಿಮಗೆ ಕೊಟ್ಟಿರೋ ಈ ಸರ್ಟಿಫಿಕೇಟು) ಹಾಗಲ್ಲ, ನೀವು ಕೇಳಿದ್ರೆ ನಿಮ್ಮ ಕೆಲಸ, ನಡವಳಿಕೆ ಎರಡರ ಬಗ್ಗೆನೂ ಬರ್ಕೊಡ್ಲೇಬೇಕು ಅಂತ ಕಾನೂನೇ ಇದೆ, ಅದು ನಿಜಾನೂ ಆಗಿರ್ಬೇಕು, ಜೊತೆಗೆ ಮುಂದೆ ಕೆಲಸ ಸಿಗೋಕೆ ಸುಮ್ಸುಮ್ನೆ ಅಡ್ಡ ಬರೋ ಹಾಗೂ ಇರ್ಬಾರ್ದು. ಹಾಗಾಗಿ ಬಾಯಿಬಿಟ್ಟು ಬೈಯೋ ಹಾಗಿಲ್ಲ, ಎಲ್ಲರನ್ನೂ ಹೊಗಳ್ತಾರೆ, ಎಷ್ಟು ಹೊಗಳಿದ್ರು ಅನ್ನೋದ್ರಲ್ಲೇ ಮಾರ್ಕ್ಸ್ ಇರುತ್ತೆ.

‘ಶ್ಟೇಟ್ಸ್ ಟ್ಸು ಉನ್ಸರರ್ ಫೋಲ್‌ಸ್ಟನ್ ಟ್ಸುಫ್ರೀಡನ್‌ಹೈಟ್’, ಅಂದ್ರೆ ಯಾವಾಗ್ಲೂ ಸಂಪೂರ್ಣಾತಿಸಂಪೂರ್ಣ ತೃಪ್ತಿ ಅಂತಿದ್ರೆ 1. ಆ ಫೋಲ್‌ಸ್ಟನ್ (ಸಂಪೂರ್ಣಾತಿಸಂಪೂರ್ಣ) ಹೋಗಿ ಬರೀ ಫೋಲನ್ (ಸಂಪೂರ್ಣ) ಆದ್ರೆ 2. ಶ್ಟೇಟ್ಸ್ (ಯಾವಾಗ್ಲೂ) ಕೂಡ ಹೋದ್ರೆ 3. ಎರಡೂ ಇಲ್ದೆ ಒಣ ತೃಪ್ತಿ ಮಾತ್ರ ಇದ್ರೆ ಅದೇ ನಿಮ್ಮ 4. ಇನ್ನು ‘ಬೆಮ್ಯೂಟ್’ ಅನ್ನೋ ಪದ ಕಂಡ್ರಂತೂ ಎಚ್ಚರ, ‘ಪ್ರಯತ್ನ ಪಟ್ಟರು’ ಅಂತ ಅರ್ಥ, ಆದ್ರೆ ಓದೋ ಎಚ್ಆರ್‌ಗೆ ‘ಕೈಲಾಗ್ಲಿಲ್ಲ’ ಅಂತಲೇ ಕೇಳ್ಸುತ್ತೆ.

ನಡವಳಿಕೆ ಬಗ್ಗೆ ಇರೋ ಸಾಲನ್ನೂ ನೋಡಿ. ಮೊದಲು ಮೇಲಧಿಕಾರಿ, ಆಮೇಲೆ ಸಹೋದ್ಯೋಗಿಗಳು ಅಂತ ಬರೋದು ರೂಢಿ, ಉಲ್ಟಾ ಆಗಿದ್ರೆ ಬಾಸ್ ಜೊತೆ ಸರಿ ಇರ್ಲಿಲ್ವೇನೋ ಅಂತ ಓದ್ಕೋತಾರೆ. ಕೊನೇಲಿ ‘ಇವರು ಹೋಗ್ತಿರೋದು ಬೇಜಾರು, ಥ್ಯಾಂಕ್ಸ್, ಒಳ್ಳೇದಾಗ್ಲಿ’ ಅನ್ನೋ ಸಾಲು ಇಲ್ದಿದ್ರೂ ಗಮನಿಸ್ತಾರೆ, ಆದ್ರೆ ಅದನ್ನ ಬರೀಲೇಬೇಕು ಅಂತ ಒತ್ತಾಯ ಮಾಡೋ ಹಕ್ಕು ನಿಮಗಿಲ್ಲ, ಕೋರ್ಟೇ ಹಾಗಂದಿದೆ.

ನನಗೆ ಸಂಕಟ ಆಗೋದು ಇಲ್ಲೇ, ವರ್ಷಗಟ್ಟಲೆ ಚೆನ್ನಾಗಿ ದುಡಿದ ನಮ್ಮ ಹುಡುಗ್ರು ಹುಡುಗೀರು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕ್ತಾರೆ, ಎಲ್ಲಾ ಹೊಗಳಿಕೆ ಅಂತ ಬರುತ್ತೆ, ನಂಬ್ಬಿಡ್ತಾರೆ. ಟ್ರಾನ್ಸ್‌ಲೇಟ್ ತಪ್ಪೇನೂ ಮಾಡಿಲ್ಲ, ಆ ಅಳತೆಗೋಲು ಅದರಲ್ಲಿ ಕಾಣ್ಸಲ್ಲ ಅಷ್ಟೇ.

ಈಗ ನೀವು ಮಾಡ್ಬೇಕಾಗಿದ್ದು: ಜರ್ಮನಿಯ ಉನ್ನತ ಕಾರ್ಮಿಕ ನ್ಯಾಯಾಲಯ 2014ರಲ್ಲಿ ಹೇಳಿದ ಪ್ರಕಾರ 3 ಅನ್ನೋದು ಸರಾಸರಿ. ಅದಕ್ಕಿಂತ ಮೇಲಿಂದು ಬೇಕಂದ್ರೆ ಸಾಬೀತು ಮಾಡ್ಬೇಕಾಗಿರೋದು ನೀವು, ಕೆಳಗಿಂದು ಕೊಟ್ಟಿದ್ರೆ ಕಾರಣ ತೋರಿಸ್ಬೇಕಾಗಿರೋದು ಕಂಪನಿ. ನಿಮ್ದು 4, ಅಂದ್ರೆ ಭಾರ ಅವರ ತಲೆ ಮೇಲೇ ಇದೆ, ಅದಕ್ಕೇ ತಡ ಮಾಡ್ದೆ ಯಾವ ಸಾಲು ಹೇಗೆ ಬದಲಾಗ್ಬೇಕು ಅಂತ ನೀವೇ ಬರ್ದು ಎಚ್ಆರ್‌ಗೆ ಮೇಲ್ ಹಾಕಿ, ಕಂಪನೀಲಿ ಬೆಟ್ರೀಬ್ಸ್‌ರಾಟ್ (ನೌಕರರೇ ಆರಿಸಿದ ಪ್ರತಿನಿಧಿಗಳ ಮಂಡಳಿ) ಇದ್ರೆ ಅವರಿಗೂ ತೋರ್ಸಿ.