ಸೂರ್ಯಕಾಂತಿಯ ಮುಂದೆ ಅಪರ್ಚರ್ ಪೂರ್ತಿ ತೆರೆಯಬೇಡಿ

ಜುಲೈ ಬಂತೆಂದರೆ ಕೊಡಗಿನಿಂದ ಹುಣಸೂರು, ಮೈಸೂರು, ನಂಜನಗೂಡು ದಾಟಿ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳಿಗೆ ಕ್ಯಾಮೆರಾ ಹಿಡಿದು ಹೋಗುವವರು ಹೆಚ್ಚುತ್ತಾರೆ. ಅವರು ಹಿಂತಿರುಗಿದ ಮೇಲೆ ಮಡಿಕೇರಿಯ ನಮ್ಮ ಸ್ಟುಡಿಯೋಗೆ ಲೆನ್ಸ್ ತೋರಿಸಲು ಬರುವವರೂ ಹೆಚ್ಚುತ್ತಾರೆ. ದೂರು ಪ್ರತಿ ವರ್ಷವೂ ಒಂದೇ: ಹತ್ತಿರದಿಂದ ತೆಗೆದ ಹೂವೆಲ್ಲ ಮಸುಕಾಗಿದೆ, ಲೆನ್ಸಿಗೆ ಏನೋ ಆಗಿರಬೇಕು. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಿಡಿಯುವುದು ಇದ್ದದ್ದೇ ಆದ್ದರಿಂದ ಆ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಟಾರ್ಚ್ ಬೆಳಕು ಹಾಯಿಸಿ ನೋಡಿಯೇ ಹೇಳುತ್ತೇನೆ. ಆದರೆ ಹೆಚ್ಚಿನ ಸಲ ಗಾಜು ಶುಭ್ರವಾಗಿಯೇ ಇರುತ್ತದೆ. ಚಿತ್ರದ ವಿವರಗಳನ್ನು ತೆರೆದು ನೋಡಿದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ, ಎಫ್ 2.8 ಎಂದಿರುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ಅಗಲ, ದೊಡ್ಡದಾದಷ್ಟೂ ಕಿರಿದು.

ಮದುವೆಯಲ್ಲಿ ವಧುವಿನ ಮುಖ ತೆಗೆಯುವಾಗ ಅಪರ್ಚರನ್ನು ಪೂರ್ತಿ ತೆರೆದರೆ ಹಿನ್ನೆಲೆ ಕರಗಿ ಮುಖ ಎದ್ದು ಕಾಣುತ್ತದೆ. ಅಲ್ಲಿ ಕಲಿತ ಈ ಅಭ್ಯಾಸವನ್ನೇ ಹೂವಿನ ಮುಂದೆಯೂ ಮುಂದುವರಿಸುತ್ತಾರೆ. ದೂರ ಕಡಿಮೆಯಾಗಿ ಹೂವು ಕ್ಯಾಮೆರಾದೊಳಗೆ ಬಿಂಬ ಹಿಡಿಯುವ ಸೆನ್ಸರಿನ ಮೇಲೆ ದೊಡ್ಡದಾಗಿ ಬಿದ್ದಷ್ಟೂ ಸ್ಪಷ್ಟವಾಗಿ ಕಾಣುವ ಭಾಗದ ಆಳ ಕುಗ್ಗುತ್ತದೆ, ಅದೂ ಬಹಳ ವೇಗವಾಗಿ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ, ತೀರಾ ಹತ್ತಿರದಿಂದ ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸಿನಿಂದ ವಸ್ತುವಿನ ನಿಜ ಗಾತ್ರದಷ್ಟೇ ಬಿಂಬ ಮೂಡಿಸಿದರೆ ಎಫ್ 2.8ರಲ್ಲಿ ಈ ಆಳ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಎಫ್ 11ಕ್ಕೆ ಇಳಿಸಿದರೂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದೇ ಲೆನ್ಸಿನಲ್ಲಿ ಸ್ವಲ್ಪ ಹಿಂದೆ ಸರಿದು ಬಿಂಬವನ್ನು ನಿಜ ಗಾತ್ರದ ಮೂರನೇ ಒಂದರಷ್ಟಕ್ಕೆ ತಂದರೆ ಎಫ್ 11ರಲ್ಲಿ ಸುಮಾರು 8 ಮಿಲಿಮೀಟರ್ ಆಳ ಸಿಗುತ್ತದೆ. ಲೆನ್ಸ್ ಎಷ್ಟು ದುಬಾರಿಯಾದರೂ ಈ ಲೆಕ್ಕ ಬದಲಾಗುವುದಿಲ್ಲ. ಇದನ್ನು ಹೇಳಿ ಕಳುಹಿಸಿದ ಮೇಲೂ ಅದಕ್ಕಿಂತ ದುಬಾರಿ ಲೆನ್ಸ್ ಕೊಂಡು ಮತ್ತೆ ಎಫ್ 2.8ರಲ್ಲೇ ತೆಗೆದು ತಂದವರನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ಸೂರ್ಯಕಾಂತಿಯ ವಿಷಯದಲ್ಲಿ ಈ ಕೆಲವೇ ಮಿಲಿಮೀಟರ್ ಏಕೆ ಅಷ್ಟು ಮುಖ್ಯವೆಂಬುದು ಹೂವನ್ನು ಬರಿಗಣ್ಣಿನಿಂದ ಸರಿಯಾಗಿ ನೋಡಿದರೆ ತಿಳಿಯುತ್ತದೆ. ನಾವು ಒಂದು ಹೂವು ಎನ್ನುವುದು ನೂರಾರು, ದೊಡ್ಡ ತಲೆಯಾದರೆ ಸಾವಿರಕ್ಕೂ ಮಿಕ್ಕಿದ ಕಿರುಹೂಗಳ ಗೊಂಚಲು. ಅಂಚಿನ ಹಳದಿ ಎಸಳುಗಳು ಬೀಜ ಕಟ್ಟದ ಹೂಗಳು; ಬೀಜವಾಗುವುದು ನಡುವಿನ ಚಕ್ರದಲ್ಲಿ. ಆ ಚಕ್ರ ಒಮ್ಮೆಗೇ ಅರಳುವುದಿಲ್ಲ. ಹೊರ ಅಂಚಿನಿಂದ ಒಳಕ್ಕೆ, ದಿನಕ್ಕೆ ಕೆಲವು ಸುತ್ತಿನಂತೆ, ವಾರದಿಂದ ಹತ್ತು ದಿನಗಳವರೆಗೆ ಅರಳುತ್ತಾ ಹೋಗುತ್ತದೆ. ಹಾಗಾಗಿ ಒಂದೇ ಬೆಳಿಗ್ಗೆ ಒಂದೇ ತಲೆಯಲ್ಲಿ ಎಲ್ಲ ಹಂತಗಳೂ ಸಿಗುತ್ತವೆ: ಹೊರಸುತ್ತಿನಲ್ಲಿ ಶಲಾಕಾಗ್ರ (ಪರಾಗ ಸ್ವೀಕರಿಸುವ ತುದಿ) ಎರಡಾಗಿ ಸೀಳಿ ಹಿಂದಕ್ಕೆ ಸುರುಳಿಯಾಗಿ ಬಾಗಿರುತ್ತದೆ, ಅದರೊಳಗಿನ ಸುತ್ತಿನಲ್ಲಿ ಕಡುಕಂದು ಪರಾಗಕೋಶದ ಕೊಳವೆಯ ತುದಿಗೆ ಹಳದಿ ಪರಾಗ ಉಕ್ಕಿ ನಿಂತಿರುತ್ತದೆ, ಇನ್ನೂ ಒಳಗೆ ಬಾಯಿಬಿಡದ ಮೊಗ್ಗುಗಳು, ನಟ್ಟನಡುವೆ ಹಸಿರು. ಅರಳಿದ ಸುತ್ತಿಗೂ ನಡುವಿನ ಮೊಗ್ಗಿಗೂ ಎತ್ತರದಲ್ಲಿ ಹಲವು ಮಿಲಿಮೀಟರುಗಳ ವ್ಯತ್ಯಾಸವಿರುತ್ತದೆ. ಎಫ್ 2.8ರಲ್ಲಿ ಇವುಗಳಲ್ಲಿ ಒಂದು ಸುತ್ತು ಮಾತ್ರ ಉಳಿದು, ಮಿಕ್ಕ ಸೊಗಸೆಲ್ಲ ಹಳದಿ ಮಬ್ಬಿನಲ್ಲಿ ಮುಳುಗುತ್ತದೆ.

ನಡುವಿನ ಚಕ್ರದ ಕಿರುಹೂಗಳ ಸಾಲುಗಳು ಮೂಡಿಸುವ, ಎರಡು ದಿಕ್ಕಿಗೆ ಸುತ್ತುವ ಆ ಪ್ರಸಿದ್ಧ ಸುರುಳಿಗಳ ಕಥೆಯೂ ಹೀಗೆಯೇ. ಎಣಿಸಿದರೆ ಸಾಮಾನ್ಯವಾಗಿ ಒಂದು ಕಡೆಗೆ 34, ಇನ್ನೊಂದು ಕಡೆಗೆ 55, ಅಥವಾ 55 ಮತ್ತು 89 ಎಂಬಂಥ ಫಿಬೊನಾಚಿ ಸಂಖ್ಯೆಗಳು (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸರಣಿ) ಸಿಗುತ್ತವೆ. ಪ್ರತಿ ಹೊಸ ಕಿರುಹೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುವುದೇ ಇದಕ್ಕೆ ಕಾರಣ. ಸುರುಳಿ ಕಣ್ಣಿಗೆ ಓಡಬೇಕಾದರೆ ಅಂಚಿನಿಂದ ನಡುವಿನವರೆಗೂ ಅದು ತುಂಡಾಗದೆ ಸ್ಪಷ್ಟವಾಗಿರಬೇಕು. ಅದಕ್ಕೆ ಅಪರ್ಚರಿನಷ್ಟೇ ಮುಖ್ಯವಾದದ್ದು ಕ್ಯಾಮೆರಾದ ಬೆನ್ನು ಹೂವಿನ ಮುಖಕ್ಕೆ ಸಮಾನಾಂತರವಾಗಿರುವುದು. ಹೂವು ತುಸು ಬಾಗಿದ್ದರೆ ಕ್ಯಾಮೆರಾವೂ ಅಷ್ಟೇ ಬಾಗಬೇಕು.

"ಹಾಗಾದರೆ ಹಿನ್ನೆಲೆ ಮಸುಕಾಗುವುದು ಬೇಡವೇ?" ಎಂದು ಎಲ್ಲರೂ ಕೇಳುತ್ತಾರೆ. ವಿರಾಜಪೇಟೆ ಕಡೆಯ ತೋಟದ ಮಾಲೀಕರೊಬ್ಬರು, ಸೇನೆಯಿಂದ ನಿವೃತ್ತರಾದವರು, ಅದನ್ನೇ ಕೇಳಿದರು. ಮಳೆ ಮುಗಿದ ಮೇಲೆ ಬಿತ್ತಿದ ಅವರ ಸೂರ್ಯಕಾಂತಿ ಕಾಫಿ ಕಣದ ಅಂಚಿನಲ್ಲಿ ಅರಳಿತ್ತು. ಅಲ್ಲಿಯೇ ಟ್ರೈಪಾಡ್ ಇಟ್ಟು ಎಫ್ 11ರಲ್ಲಿ ಒಂದು ಚಿತ್ರ ತೆಗೆದು ತೋರಿಸಿದೆ. ಕೆಲವು ಅಡಿ ಹಿಂದೆ ಒಣಗುತ್ತಿದ್ದ ಕಾಫಿ ಹಣ್ಣು ಬರಿಯ ಕೆಂಗಂದು ಬಣ್ಣವಾಗಿ ಕರಗಿತ್ತು. ಇಷ್ಟು ಹತ್ತಿರದಲ್ಲಿ ಹಿನ್ನೆಲೆ ತಾನಾಗಿಯೇ ಕರಗುತ್ತದೆ, ಅದಕ್ಕಾಗಿ ಹೂವನ್ನು ಬಲಿಕೊಡಬೇಕಾಗಿಲ್ಲ. ಅವರು ಪರದೆಯನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿ, "ಇಷ್ಟು ವರ್ಷ ಇದನ್ನು ಒಂದೇ ಹೂವು ಅಂದುಕೊಂಡಿದ್ದೆನಲ್ಲ" ಎಂದು ಮನೆಯವರನ್ನೂ ಕರೆದು ತೋರಿಸಿದರು. ಇಂಥ ಜನರಿಗಾಗಿಯೇ ಒಂದೇ ಮಾತನ್ನು ಎಷ್ಟು ಸಲ ಹೇಳಲೂ ನಾನು ಸಿದ್ಧ.

ಹಾಗೆಂದು ಎಫ್ 22, ಎಫ್ 32 ಎಂದು ಇಳಿಸುತ್ತಲೇ ಹೋಗುವುದೂ ಸರಿಯಲ್ಲ. ಬೆಳಕು ಸಣ್ಣ ಕಂಡಿಯಲ್ಲಿ ಹಾಯುವಾಗ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್ 8ರಿಂದ 13ರ ನಡುವೆ ನಿಮ್ಮ ಲೆನ್ಸಿಗೆ ಯಾವುದು ಒಪ್ಪುತ್ತದೆಂದು ನೀವೇ ಪರೀಕ್ಷಿಸಿಕೊಳ್ಳಬೇಕು. ಗಾಳಿಯಿದ್ದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಿಸಿ ಶಟರ್ ವೇಗ ಕಾಯ್ದುಕೊಳ್ಳಿ. ಹಳದಿ ಎಸಳಿನಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಬೇಗ ತುಂಬಿ ಗೆರೆಗಳು ಅಳಿಸಿಹೋಗುವುದರಿಂದ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕನ್ನು) ಸ್ವಲ್ಪ ತಗ್ಗಿಸುವುದು ಒಳ್ಳೆಯದು. ಫೋನಿನಲ್ಲಿ ತೆಗೆಯುವವರಿಗೆ ಸೆನ್ಸರ್ ಚಿಕ್ಕದಾದ್ದರಿಂದ ಆಳದ ಚಿಂತೆ ಕಡಿಮೆ. ಆದರೆ ಹೂವಿಗೆ ತಾಗುವಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಒಂದು ಹೆಜ್ಜೆ ಹಿಂದೆ ನಿಂತು, ಟೆಲಿಫೋಟೋ ಲೆನ್ಸ್ ಇದ್ದರೆ ಅದನ್ನು ಬಳಸಿ.

ಹೊತ್ತಿನ ಬಗ್ಗೆಯೂ ಹೇಳಬೇಕು. ಸೂರ್ಯನ ಜೊತೆ ತಿರುಗುವುದು ಎಳೆಯ ಗಿಡ; ಅರಳಿದ ತಲೆ ಬಹುಮಟ್ಟಿಗೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಹೀಗೆ ನಿಂತ ಹೂವು ಬೆಳಿಗ್ಗೆ ಬೇಗ ಬೆಚ್ಚಗಾಗಿ ಹೆಚ್ಚು ಜೇನ್ನೊಣಗಳನ್ನು ಸೆಳೆಯುತ್ತದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಮುಖಕ್ಕೆ ನೇರ ಬೆಳಕೂ ಜೇನೂ ಬೇಕಾದವರು ಬೆಳಿಗ್ಗೆಯೇ ಹೊಲದಲ್ಲಿರಬೇಕು. ಮಡಿಕೇರಿಯಿಂದ ಹೊರಡುವವರು ಹಿಂದಿನ ರಾತ್ರಿ ಮೈಸೂರಿನಲ್ಲಿ ತಂಗುವುದು ಉತ್ತಮ. ಸಂಜೆ ತಲುಪಿದವರು ಹೂವಿನ ಎದುರಿಗೇ ನಿಂತರೆ ಬೆಳಕು ಎಸಳುಗಳ ಹಿಂದಿನಿಂದ ಬಂದು ಅವುಗಳ ನರನರವೂ ಕಾಣುತ್ತದೆ. ಆಗ ಚಕ್ರವನ್ನು ಬಿಟ್ಟು ಎಸಳಿನ ಮೇಲೆ ಫೋಕಸ್ ಮಾಡಿ. ಅಪರ್ಚರ್ ಮಾತ್ರ ಎಫ್ 11ರಲ್ಲೇ ಇರಲಿ.