ಔಷಧಿ ಹಾಕಿದ ಮೇಲೂ ಮಲ್ಲೆಟ್ ಮೀನಿನ ಪರಾವಲಂಬಿ ಮರಳಿ ಬರುವುದೇಕೆ?

ಪ್ರಶ್ನೆ: ಅಳಿವೆಯಿಂದ ನೀರು ಬಿಟ್ಟುಕೊಳ್ಳುವ ಕೊಳದಲ್ಲಿ ಮಲ್ಲೆಟ್ ಸಾಕುತ್ತಿದ್ದೇವೆ. ಮೀನುಗಳು ತೂಬಿನ ಹಲಗೆಗೆ, ಕಲ್ಲಿಗೆ ಮೈ ಉಜ್ಜುತ್ತಿವೆ. ಕೆಲವಕ್ಕೆ ಬಿಳಿ ಚುಕ್ಕೆಗಳಿವೆ, ದಿನಾ ಬೆಳಿಗ್ಗೆ ನಾಲ್ಕೈದು ಸತ್ತು ತೇಲುತ್ತವೆ. ಪ್ರೊಟೊಜೋವಾ ಕಾಟ ಎಂದು ಫಾರ್ಮಲಿನ್ ಹಾಕಿಸಿದೆವು. ಎರಡು ದಿನ ತಗ್ಗಿತು, ವಾರದೊಳಗೆ ಮತ್ತೆ ಜೋರಾಯಿತು. ಪ್ರಮಾಣ ಸಾಲಲಿಲ್ಲವೇ? ಬೇರೆ ಔಷಧಿ ಬೇಕೇ?

ಉತ್ತರ: ದಯವಿಟ್ಟು ಪ್ರಮಾಣ ಹೆಚ್ಚಿಸಬೇಡಿ. ಎರಡು ದಿನ ತಗ್ಗಿ ವಾರದೊಳಗೆ ಮರಳಿತು ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರವಿದೆ. ಆಯುಸ್ಸಿನ ಕೆಲವು ದಿನ ಮೀನಿನ ಮೈಯಲ್ಲಿ, ಉಳಿದ ದಿನ ಕೊಳದ ತಳದಲ್ಲಿ ಕಳೆಯುವ ಪರಾವಲಂಬಿ ನಿಮ್ಮಲ್ಲಿರುವ ಸಾಧ್ಯತೆ ಹೆಚ್ಚು. ಮೈಮೇಲಿದ್ದದ್ದಕ್ಕೆ ಔಷಧಿಯ ಬಿಸಿ ಒಂದಿಷ್ಟು ತಟ್ಟಿತು, ತಳದಲ್ಲಿ ಕೋಶ, ಅಂದರೆ ಸುತ್ತ ಗಟ್ಟಿ ಹೊದಿಕೆ, ಕಟ್ಟಿಕೊಂಡಿದ್ದದ್ದಕ್ಕೆ ತಟ್ಟಲಿಲ್ಲ. ಆ ಕೋಶಗಳು ಒಡೆದಾಗ ರೋಗ ಮತ್ತೆ ಶುರುವಾಯಿತು.

ಪ್ರೊಟೊಜೋವಾ ಎಂಬುದು ಒಂದು ರೋಗದ ಹೆಸರಲ್ಲ, ಏಕಕೋಶ ಜೀವಿಗಳ ದೊಡ್ಡ ಗುಂಪಿನ ಹೆಸರು. ಮಲ್ಲೆಟ್‌ಗೆ ಅಂಟುವವುಗಳಲ್ಲಿ ಕೊಳದ ಮಟ್ಟಿಗೆ ಮುಖ್ಯವಾದವು ಮೂರು: ಟ್ರೈಕೊಡೈನಾ, ಕ್ರಿಪ್ಟೊಕ್ಯಾರಿಯಾನ್, ಅಮೈಲೊಓಡಿನಿಯಂ. ಒಂದಕ್ಕೆ ಸಲ್ಲುವ ಉಪಾಯ ಇನ್ನೊಂದಕ್ಕೆ ಸಲ್ಲದು. ಹಾಗಾಗಿ ಮೊದಲು ಬೇಕಾದದ್ದು ಸೂಕ್ಷ್ಮದರ್ಶಕ. ನೂರು ಪಟ್ಟು ಹಿಗ್ಗಿಸಿ ತೋರಿಸುವ ಸಾಧಾರಣ ಉಪಕರಣ ಸಾಕು.

ಪರೀಕ್ಷೆಗೆ ಸತ್ತು ತೇಲಿದ ಮೀನು ಬೇಡ. ಮೀನು ಸತ್ತ ಸ್ವಲ್ಪ ಹೊತ್ತಿಗೇ ಈ ಜೀವಿಗಳಲ್ಲಿ ಬಹಳಷ್ಟು ಕಳಚಿಕೊಂಡು ಹೋಗುತ್ತವೆ. ಹೊಳೆಯುವ ಖಾಲಿ ಸ್ಲೈಡ್ ನೋಡಿ ರೋಗವಿಲ್ಲ ಎಂದುಕೊಳ್ಳುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ದಡದ ಬಳಿ ಮಂಕಾಗಿ ನಿಂತ ಮೀನು ಐದಾರನ್ನು, ಚುರುಕಾಗಿರುವ ಒಂದೆರಡನ್ನು ಜೀವಂತ ಹಿಡಿಯಿರಿ. ಮೊಂಡಾದ ಚಾಕುವಿನ ಅಂಚಿನಿಂದ ಎದೆಯ ಈಜುರೆಕ್ಕೆಯ ಹಿಂದಿನ ಲೋಳೆಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಮೆಲ್ಲಗೆ ಕೆರೆದು ತೆಗೆಯಿರಿ. ಕಿವಿರಿನ ಎಳೆಗಳ ತುದಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿಕೊಳ್ಳಿ. ಎರಡನ್ನೂ ಬೇರೆ ಬೇರೆ ಸ್ಲೈಡಿನ ಮೇಲಿಟ್ಟು ಅದೇ ಕೊಳದ ನೀರಿನ ಹನಿ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಕೂಡಲೇ ನೋಡಿ. ನಲ್ಲಿ ನೀರು ಹಾಕಿದರೆ ಉಪ್ಪುನೀರಿನ ಜೀವಿಗಳು ಉಬ್ಬಿ ಒಡೆದುಹೋಗಿ ಗುರುತೇ ಸಿಗುವುದಿಲ್ಲ.

ತಟ್ಟೆಯಂತೆ ದುಂಡಗಿದ್ದು, ನಡುವೆ ಗರಗಸದ ಹಲ್ಲಿನಂಥ ಬಳೆಯಿದ್ದು, ಬುಗುರಿಯ ಹಾಗೆ ಗಿರಗಿರನೆ ಸುತ್ತುತ್ತ ಜಾರುತ್ತಿದ್ದರೆ ಅದು ಟ್ರೈಕೊಡೈನಾ. ಚರ್ಮದ ಮೇಲ್ಪದರದ ಅಡಿಯಲ್ಲಿ ಕಪ್ಪಗೆ ಉಂಡೆಯಾಗಿ, ಮೈತುಂಬ ಸಣ್ಣ ರೋಮಗಳಿದ್ದು, ಇದ್ದಲ್ಲೇ ನಿಧಾನವಾಗಿ ಹೊರಳುತ್ತಿದ್ದರೆ ಕ್ರಿಪ್ಟೊಕ್ಯಾರಿಯಾನ್. ಅರ್ಧ ಮಿಲಿಮೀಟರಿನವರೆಗೂ ಬೆಳೆಯುವುದರಿಂದ ಬರಿಗಣ್ಣಿಗೆ ಬಿಳಿ ಚುಕ್ಕೆಯಾಗಿ ಕಾಣುವುದು ಇದೇ. ಕಿವಿರಿನ ಎಳೆಗಳಿಗೆ ಪೇರಳೆ ಹಣ್ಣಿನ ಆಕಾರದ ಕಂದು ಚೀಲಗಳು ಅಲುಗಾಡದೆ ಕಚ್ಚಿಕೊಂಡಿದ್ದರೆ ಅಮೈಲೊಓಡಿನಿಯಂ. ಅನುಮಾನವಿದ್ದರೆ ಅಯೋಡಿನ್ ದ್ರಾವಣದ ಒಂದು ಹನಿ ಬಿಡಿ. ಅಮೈಲೊಓಡಿನಿಯಂ ಒಳಗೆ ಪಿಷ್ಟವಿರುವುದರಿಂದ ಕಡು ಕಂದಾಗುತ್ತದೆ, ಸುತ್ತಲಿನ ಅಂಗಾಂಶ ಹಾಗಾಗುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮಲ್ಲೆಟ್ ನೀರಿನಿಂದ ಮೇಲಕ್ಕೆ ಹಾರುವುದು ಅದರ ಸಹಜ ಗುಣ, ಅದನ್ನು ರೋಗಲಕ್ಷಣವೆಂದು ಎಣಿಸಬೇಡಿ. ಹಾಗೆಯೇ ನಸುಕಿನಲ್ಲಿ ಇಡೀ ಹಿಂಡು ಮೇಲೆ ಬಾಯಿ ತೆರೆದು ನಿಂತು, ಬಿಸಿಲೇರಿದ ಮೇಲೆ ಸರಿಹೋದರೆ ಅದು ಆಮ್ಲಜನಕದ ಕೊರತೆ. ನೀರಿನಲ್ಲಿ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇದ್ದೂ ಮೀನು ಏದುಸಿರು ಬಿಡುತ್ತಿದ್ದರೆ, ಕಿವಿರು ಮುಚ್ಚಳ ಬಿಡುವಿಲ್ಲದೆ ಬಡಿಯುತ್ತಿದ್ದರೆ, ಆಗ ಕಿವಿರಿನ ಪರಾವಲಂಬಿಯ ಮೇಲೆ ಅನುಮಾನ ಪಡಬೇಕು.

ಮೂರರಲ್ಲಿ ಟ್ರೈಕೊಡೈನಾ ಸುಲಭದ್ದು. ಅದಕ್ಕೆ ತಳದಲ್ಲಿ ಅಡಗುವ ಹಂತವಿಲ್ಲ, ಮೀನಿನ ಮೈಮೇಲೇ ಎರಡಾಗಿ ಒಡೆದು ಹೆಚ್ಚುತ್ತದೆ. ಅದರ ಮುಖ್ಯ ಆಹಾರ ಬ್ಯಾಕ್ಟೀರಿಯಾ ಮತ್ತು ಕೊಳೆಯ ಚೂರು. ಆರೋಗ್ಯವಂತ ಮಲ್ಲೆಟ್‌ನಲ್ಲೂ ನಾಲ್ಕಾರು ಸಿಗುತ್ತವೆ, ಅಷ್ಟಕ್ಕೆ ಹೆದರಬೇಕಿಲ್ಲ. ಸ್ಲೈಡಿನ ತುಂಬ ಮುತ್ತಿಕೊಂಡಿದ್ದರೆ ಕೊಳದಲ್ಲಿ ಮೀನು ಹೆಚ್ಚಾಗಿದೆ, ಆಹಾರ ಉಳಿದು ಕೊಳೆಯುತ್ತಿದೆ ಎಂದರ್ಥ. ಫಾರ್ಮಲಿನ್ ಒಂದೇ ಸಲಕ್ಕೆ ಚೆನ್ನಾಗಿ ಕೆಲಸ ಮಾಡುವುದು ಇದರ ಮೇಲೆ. ಆದರೆ ಕೊಳೆ ತೆಗೆಯದಿದ್ದರೆ ಇದೂ ಮರಳುತ್ತದೆ.

ನೀವು ಹೇಳಿದ ಬಿಳಿ ಚುಕ್ಕೆ, ಬೆಳಗಿನ ಸಾವು, ವಾರದ ಲೆಕ್ಕ ಎಲ್ಲವೂ ಕ್ರಿಪ್ಟೊಕ್ಯಾರಿಯಾನ್ ಕಡೆಗೇ ಬೆರಳು ತೋರುತ್ತವೆ. ಅದರ ದಿನಚರಿ ಹೀಗಿದೆ. ಮೀನಿನ ಚರ್ಮದ ಮೇಲ್ಪದರದ ಒಳಗೆ 3ರಿಂದ 7 ದಿನ ತಿಂದು ಬೆಳೆಯುತ್ತದೆ. ಬಳಿಕ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ತಳಕ್ಕಿಳಿದು ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಕೋಶದೊಳಗೆ ಅದೊಂದು ಇನ್ನೂರರಷ್ಟು ಮರಿಗಳಾಗಿ ಒಡೆಯಬಹುದು. ಬೆಚ್ಚಗಿನ ನೀರಿನಲ್ಲಿ ಬಹುಪಾಲು ಕೋಶಗಳು ಒಂದು ವಾರದ ಆಸುಪಾಸಿನಲ್ಲಿ ಬಿರಿಯುತ್ತವೆ, ಕೆಲವು ನಾಲ್ಕು ವಾರದವರೆಗೂ ಕಾಯುತ್ತವೆ. ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಮರಿಗಳು ಹೊರಬೀಳುವುದೂ ಬಹುಮಟ್ಟಿಗೆ ರಾತ್ರಿಯೇ, ಮೀನುಗಳು ತಳದ ಹತ್ತಿರ ಸುಮ್ಮನೆ ನಿಂತಿರುವ ಹೊತ್ತಿನಲ್ಲಿ. ಮಲ್ಲೆಟ್ ಕೆಸರಿನ ಮೇಲ್ಪದರವನ್ನೇ ಮೇಯುವ ಮೀನು, ಹಗಲಲ್ಲೂ ಅದರ ತಲೆ ಈ ಕೋಶಗಳ ಬಳಿಯೇ ಇರುತ್ತದೆ.

ಫಾರ್ಮಲಿನ್ ಇಲ್ಲಿ ಸೋಲುವುದಕ್ಕೆ ಎರಡು ಕಾರಣ. ಮೀನಿನ ಮೈಯಲ್ಲಿದ್ದಾಗ ಚರ್ಮವೇ ಅದಕ್ಕೆ ಹೊದಿಕೆ, ತಳದಲ್ಲಿದ್ದಾಗ ಕೋಶವೇ ಗೋಡೆ. ಔಷಧಿಗೆ ಪೂರ್ತಿಯಾಗಿ ಸಿಗುವುದು ನೀರಿನಲ್ಲಿ ಈಜುತ್ತಿರುವ ಮರಿಗಳು ಮಾತ್ರ.

ಆದರೆ ಮಲ್ಲೆಟ್ ಸಾಕುವವರಿಗೆ ಒಂದು ದೊಡ್ಡ ಅನುಕೂಲವಿದೆ. ಈ ಮೀನು ಸಮುದ್ರದ ನೀರಿನಿಂದ ಸಿಹಿನೀರಿನವರೆಗೆ ಹೊಂದಿಕೊಳ್ಳುತ್ತದೆ, ಕ್ರಿಪ್ಟೊಕ್ಯಾರಿಯಾನ್‌ಗೆ ಆ ಶಕ್ತಿಯಿಲ್ಲ. ಉಪ್ಪಿನಂಶ 15 ಪಿಪಿಟಿ, ಅಂದರೆ ಲೀಟರಿಗೆ 15 ಗ್ರಾಂ, ಅದಕ್ಕಿಂತ ಕೆಳಗಿಳಿದರೆ ಅದರ ಕೋಶಗಳು ಕೆಡುತ್ತವೆ. ಗುರಿ 10 ಪಿಪಿಟಿ ಇಟ್ಟುಕೊಳ್ಳಿ. 1,000 ಚದರ ಮೀಟರ್ ವಿಸ್ತಾರ, ಒಂದು ಮೀಟರ್ ಆಳದ ಕೊಳದಲ್ಲಿ 1,000 ಘನ ಮೀಟರ್ ನೀರಿರುತ್ತದೆ. ಈಗ ಉಪ್ಪು 28 ಪಿಪಿಟಿ ಇದ್ದರೆ, 28 ಭಾಗಕ್ಕೆ 10 ಭಾಗದಂತೆ 357 ಘನ ಮೀಟರ್ ಹಳೆಯ ನೀರು, 643 ಘನ ಮೀಟರ್ ಸಿಹಿನೀರು ಬೇಕು. ಒಂದೇ ದಿನ ಅಷ್ಟು ನೀರು ಇಳಿಸಿದರೆ ಮೀನು ಒತ್ತಾಗಿ ಉಸಿರುಗಟ್ಟುತ್ತದೆ. ಮೂರು ನಾಲ್ಕು ದಿನದಲ್ಲಿ ಹಂತಹಂತವಾಗಿ ಬದಲಿಸಿ. ಹೀಗೆ ಮಾಡುವಾಗ ಪ್ರತಿ ಸಲವೂ ಸ್ವಲ್ಪ ಸಿಹಿನೀರು ಹೊರಹೋಗುವ ಕಾರಣ ಒಟ್ಟು ನೀರು ಈ ಲೆಕ್ಕಕ್ಕಿಂತ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಕೊನೆಯ ಮಾತು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನದ್ದೇ. ಆ ಮಟ್ಟದಲ್ಲಿ ಪೂರ್ತಿ ಮೂರು ವಾರ ನಿಲ್ಲಿಸಬೇಕು, ತಡವಾಗಿ ಬಿರಿಯುವ ಕೋಶಗಳಿಗಾಗಿ ನಾಲ್ಕನೆಯ ವಾರವೂ ಕಾದರೆ ಒಳ್ಳೆಯದು.

ಈ ಕೆಲಸ ಕೆಡುವುದು ತೂಬಿನಲ್ಲಿ. ಭರತದ ಹೊತ್ತಿನಲ್ಲಿ ಹಲಗೆಯ ಸಂದಿಯಿಂದ ಜಿನುಗುವ ಉಪ್ಪುನೀರು ಕೆಳಗೆ ಕೂರುತ್ತದೆ, ಸಿಹಿನೀರು ಹಗುರ, ಮೇಲೆ ನಿಲ್ಲುತ್ತದೆ. ಮೇಲಿನ ನೀರು ಅಳೆದರೆ 10, ಕೋಶಗಳಿರುವ ತಳದಲ್ಲಿ 20. ಅದಕ್ಕೇ ಸಂದಿಗಳನ್ನು ಜೇಡಿಮಣ್ಣಿನಿಂದ ಮೆತ್ತಿ, ಏರೇಟರ್ ಓಡಿಸಿ ನೀರನ್ನು ಕಲಸಿ, ತಳದಿಂದ ತೆಗೆದ ನೀರನ್ನೇ ಅಳೆಯಿರಿ. ಕಡಿಮೆ ಉಪ್ಪಿನಲ್ಲೂ ಬದುಕುವ ತಳಿಗಳು ಅಲ್ಲಲ್ಲಿ ದಾಖಲಾಗಿವೆ. ಎರಡು ವಾರದ ನಂತರವೂ ಹೊಸ ಚುಕ್ಕೆಗಳು ಬರುತ್ತಿದ್ದರೆ, ಮಲ್ಲೆಟ್ ತಡೆದುಕೊಳ್ಳುವುದರಿಂದ 5 ಪಿಪಿಟಿಗಿಂತ ಕೆಳಗಿಳಿಸಲು ಹಿಂಜರಿಯಬೇಡಿ.

ತೊಟ್ಟಿಯಲ್ಲಿ ಸಾಕುವವರಿಗೆ ಔಷಧಿಯೇ ಇಲ್ಲದ ಇನ್ನೊಂದು ದಾರಿಯಿದೆ, ನನ್ನ ಮೆಚ್ಚಿನದು ಇದೇ. ಮೂರು ದಿನಕ್ಕೊಮ್ಮೆ ಮೀನುಗಳನ್ನು ತೊಳೆದು ಒಣಗಿಸಿದ ಬೇರೆ ತೊಟ್ಟಿಗೆ ದಾಟಿಸಿ, ಹೀಗೆ ನಾಲ್ಕು ಸಲ. ಉದುರಿದ ಕೋಶಗಳು ಬಿರಿಯುವ ಮೊದಲೇ ಹಳೆಯ ತೊಟ್ಟಿಯಲ್ಲಿ ಉಳಿದುಹೋಗುತ್ತವೆ. ಖಾಲಿ ತೊಟ್ಟಿಯನ್ನು ಬಿಸಿಲಿಗೆ ಪೂರ್ತಿ ಒಣಗಿಸಿದರೆ ಕೋಶ ಉಳಿಯದು.

ಅಮೈಲೊಓಡಿನಿಯಂ ಮೂರರಲ್ಲಿ ಅತಿ ಅಪಾಯಕಾರಿ. ಸುಮಾರು 3ರಿಂದ 45 ಪಿಪಿಟಿವರೆಗೆ ಬದುಕುವುದರಿಂದ ನೀರು ಸಪ್ಪೆ ಮಾಡುವ ಉಪಾಯ ನಡೆಯುವುದಿಲ್ಲ. ಇದು ಮೊದಲು ಹಿಡಿಯುವುದು ಕಿವಿರನ್ನು, ಮೈಮೇಲೆ ಯಾವ ಗುರುತೂ ಕಾಣದೆಯೇ ಮೀನು ಸಾಯಬಹುದು. ತಳಕ್ಕೆ ಬಿದ್ದ ಒಂದು ಕೋಶದಿಂದ 256ರವರೆಗೂ ಮರಿಗಳು, ಬೆಚ್ಚಗಿನ ನೀರಿನಲ್ಲಿ ಇಡೀ ಸುತ್ತು ಒಂದು ವಾರಕ್ಕಿಂತ ಕಡಿಮೆ. ಫಾರ್ಮಲಿನ್ ತಾಗಿದರೆ ಅದು ಕಿವಿರಿನಿಂದ ಕಳಚಿ ಬೀಳುತ್ತದೆ, ಆದರೆ ಬಿದ್ದಲ್ಲೇ ಒಡೆದು ಮರಿಹಾಕುತ್ತದೆ. ಇದಕ್ಕೆ ಒಗ್ಗುವುದು ತಾಮ್ರ: ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ಕರಗಿದ ತಾಮ್ರವನ್ನು ಎರಡು ಮೂರು ವಾರ ಬಿಡದೆ ಕಾಯ್ದುಕೊಳ್ಳಬೇಕು. ಮೈಲುತುತ್ತದ ತೂಕದ ಕಾಲುಭಾಗ ಮಾತ್ರ ತಾಮ್ರ, ಹಾಗಾಗಿ 10,000 ಲೀಟರ್ ತೊಟ್ಟಿಗೆ ಸುಮಾರು 6 ಗ್ರಾಂ ಮೈಲುತುತ್ತ ಹಾಕಿದರೆ 0.15 ಆಗುತ್ತದೆ. ಅದನ್ನೂ ಎರಡು ದಿನದಲ್ಲಿ ಹಂಚಿ ಹಾಕಿ, ದಿನಕ್ಕೆರಡು ಸಲ ಕಿಟ್‌ನಿಂದ ಅಳೆದು, ಕಡಿಮೆಯಾದಷ್ಟನ್ನೇ ತುಂಬಿ. ತಾಮ್ರ ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ, ಅದಕ್ಕೇ ಇಷ್ಟು ದಿನ. ಮಣ್ಣಿನ ಕೊಳಕ್ಕೆ ಇದನ್ನು ಸುರಿಯಬೇಡಿ. ಕೆಸರು ತಾಮ್ರವನ್ನು ಹೀರಿಕೊಂಡು ಮಟ್ಟ ನಿಲ್ಲುವುದಿಲ್ಲ, ಜೊತೆಗೆ ಸಿಗಡಿ, ಚಿಪ್ಪುಜೀವಿಗಳು ಸಾಯುತ್ತವೆ. ಮೀನನ್ನು ತೊಟ್ಟಿಗೆ ತಂದೇ ಈ ಚಿಕಿತ್ಸೆ ಮಾಡಬೇಕು.

ಫಾರ್ಮಲಿನ್ ಬಳಸಲೇಬೇಕಾದಾಗ, ಅಂದರೆ ಟ್ರೈಕೊಡೈನಾ ಖಚಿತವಾದಾಗ, ಕೊಳಕ್ಕೆ 15ರಿಂದ 25 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಅಷ್ಟು ಭಾಗ) ಲೆಕ್ಕ. ಮೇಲೆ ಹೇಳಿದ 1,000 ಘನ ಮೀಟರ್ ಕೊಳಕ್ಕೆ 25 ಪಿಪಿಎಂ ಎಂದರೆ 25 ಲೀಟರ್. ಪ್ರತಿ 5 ಪಿಪಿಎಂ ಫಾರ್ಮಲಿನ್ ಲೀಟರಿಗೆ ಸುಮಾರು 1 ಮಿಲಿಗ್ರಾಂ ಆಮ್ಲಜನಕವನ್ನು ನುಂಗುತ್ತದೆ, ಪಾಚಿ ಸತ್ತರೆ ಇನ್ನಷ್ಟು ಕುಸಿಯುತ್ತದೆ. ಔಷಧಿ ಹಾಕಿದ ಮರುದಿನ ಸಾಯುವ ಎಷ್ಟೋ ಮೀನುಗಳು ಸತ್ತದ್ದು ರೋಗದಿಂದಲ್ಲ, ಉಸಿರುಗಟ್ಟಿ. ಬಿಸಿಲಿರುವ ಬೆಳಿಗ್ಗೆ ಹಾಕಿ, ಎರಡು ರಾತ್ರಿ ಏರೇಟರ್ ನಿಲ್ಲಿಸಬೇಡಿ. ಇದಕ್ಕಿಂತ ಸುರಕ್ಷಿತ ಕ್ರಮ ಪೀಪಾಯಿಯಲ್ಲಿ ಸ್ನಾನ: 200 ಲೀಟರ್ ನೀರಿಗೆ 30 ಮಿಲಿಲೀಟರ್ ಹಾಕಿದರೆ 150 ಪಿಪಿಎಂ. ಗಾಳಿ ಬಿಡುತ್ತ ಅರ್ಧದಿಂದ ಒಂದು ಗಂಟೆ ಇರಿಸಿ, ಮೀನು ಓರೆಯಾದರೆ ತಕ್ಷಣ ತೆಗೆಯಿರಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಆ ಫಾರ್ಮಲಿನ್ ಬೇಡ, ಮೀನಿಗೆ ಅದು ಹೆಚ್ಚು ವಿಷ. ನಿಮ್ಮ ಕೈಗೆ ಗವಸು, ಮುಖಕ್ಕೆ ಮುಸುಕು ಇರಲಿ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು. ತಿನ್ನುವ ಮೀನಿನ ಮೇಲೆ ಬಳಸಲು ಅನುಮತಿ ಇದೆಯೇ, ಎಷ್ಟು ದಿನ ಬಿಟ್ಟು ಮೀನು ಹಿಡಿಯಬೇಕು ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಕೆಲವರು ಕಿವಿರಿನಲ್ಲೋ ಹುರುಪೆಯ ಮೇಲೋ ಅಲುಗದ ಕೆನೆಬಣ್ಣದ ಗಂಟುಗಳನ್ನು ಕಂಡು ಅದೂ ಬಿಳಿ ಚುಕ್ಕೆ ರೋಗವೆಂದುಕೊಳ್ಳುತ್ತಾರೆ. ಗಂಟನ್ನು ಸ್ಲೈಡಿನ ಮೇಲೆ ಒಡೆದು 400 ಪಟ್ಟು ಹಿಗ್ಗಿಸಿ ನೋಡಿ. ಒಂದೇ ತುದಿಯಲ್ಲಿ ಎರಡು ಹನಿಯಾಕಾರದ ಕೋಶಗಳಿರುವ ಅಸಂಖ್ಯ ಬೀಜಾಣುಗಳು ಕಂಡರೆ ಅದು ಮಿಕ್ಸೊಬೊಲಸ್. ಮಲ್ಲೆಟ್‌ನಲ್ಲಿ ಇದರ ಹಲವು ಪ್ರಭೇದಗಳಿವೆ. ಹಿಂದೆ ಇವನ್ನು ಪ್ರೊಟೊಜೋವಾ ಎಂದೇ ಎಣಿಸುತ್ತಿದ್ದರು, ಈಗ ಲೋಳೆಮೀನುಗಳ (ಜೆಲ್ಲಿಫಿಶ್) ಬಳಗಕ್ಕೆ ಸೇರಿಸಿದ್ದಾರೆ. ಇದರ ಜೀವನಚಕ್ರಕ್ಕೆ ತಳದ ಕೆಸರಿನ ಹುಳುಗಳೂ ಬೇಕು ಎಂಬುದು ಇದೇ ಕುಲದ ಇನ್ನೊಂದು ಪ್ರಭೇದದಲ್ಲಿ 1984ರಲ್ಲಿ ಗೊತ್ತಾಯಿತು. ಇದಕ್ಕೆ ನೆಚ್ಚಬಹುದಾದ ಔಷಧಿಯಿಲ್ಲ. ಗಂಟು ಹೆಚ್ಚಿರುವ ಮೀನನ್ನು ತೆಗೆದು ಕೊಳದಿಂದ ದೂರ ಹೂಳುವುದು, ಫಸಲು ಮುಗಿದ ಮೇಲೆ ಕೆಸರು ತೆಗೆದು ತಳ ಬಿರುಕು ಬಿಡುವವರೆಗೆ ಒಣಗಿಸುವುದು, ಇಷ್ಟೇ ದಾರಿ.

ಇಂಥ ಮೀನು ತಿನ್ನಬಹುದೇ ಎಂದು ಮುಂದೆ ನೀವು ಕೇಳಬಹುದು. ಮೇಲೆ ಹೇಳಿದ ಮೂರೂ ಮನುಷ್ಯರಿಗೆ ಹತ್ತುವುದಿಲ್ಲ. ಆದರೆ ಹಿನ್ನೀರಿನ ಮಲ್ಲೆಟ್‌ನ ಮಾಂಸದಲ್ಲಿ ಹೆಟೆರೊಫೈಸ್ ಎಂಬ ಚಪ್ಪಟೆ ಹುಳುವಿನ ಮರಿ ಇರಬಹುದು, ಅದು ಮನುಷ್ಯರ ಕರುಳಿಗೆ ಸೇರುತ್ತದೆ. ಹಸಿಯಾಗಿ ಅಥವಾ ಬರೇ ಉಪ್ಪು ಹಾಕಿಟ್ಟು ತಿನ್ನುವುದು ಬೇಡ, ಚೆನ್ನಾಗಿ ಬೇಯಿಸಿ.

ಮುಂದಿನ ಸಲ ಮರಿ ಬಿಡುವಾಗ, ಅದರಲ್ಲೂ ಅಳಿವೆಯಲ್ಲಿ ಹಿಡಿದ ಮರಿಗಳಾದರೆ, ನೇರ ಕೊಳಕ್ಕೆ ಹಾಕದೆ ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಆ ತೊಟ್ಟಿಯ ಬಲೆ, ಬಕೆಟ್ ಕೊಳಕ್ಕೆ ಬರಬಾರದು. ಬಂದ ದಿನ, 7ನೇ ದಿನ, 14ನೇ ದಿನ, 21ನೇ ದಿನ ಐದಾರು ಮರಿಗಳ ಕಿವಿರು ನೋಡಿ. ಮೊದಲ ದಿನದ ಸ್ಲೈಡ್ ಶುದ್ಧವಿದ್ದು ಎರಡನೆಯದರಲ್ಲಿ ಪರಾವಲಂಬಿ ಕಾಣುವುದು ಅಪರೂಪವೇನಲ್ಲ. ಕಂಡರೆ ಅಂದಿನಿಂದ ಮತ್ತೆ ಮೂರು ವಾರ ಎಣಿಸಿ.